ಧ್ವಜ ಹಿಡಿದ ಹದಿನಾಲ್ವರು

ಪ್ರಶ್ನೆ: ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಒಂದೇ ರೆಜಿಮೆಂಟಿನ 14 ಧ್ವಜಧಾರಿಗಳು ಒಂದೇ ದಿನ ಗುಂಡಿಗೆ ಬಿದ್ದರಂತೆ. ಮೊದಲಿನವನ ಗತಿ ಕಂಡ ಮೇಲೂ ಇನ್ನೊಬ್ಬ ಅದನ್ನು ಎತ್ತಿಕೊಳ್ಳುತ್ತಿದ್ದುದೇಕೆ?
— ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಕೇಳಿರುವುದು 26ನೇ ನಾರ್ತ್ ಕೆರೊಲಿನಾ ಕಾಲಾಳು ಪಡೆಯ ಕಥೆ. ಸ್ಥಳ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್, ದಿನ 1863ರ ಜುಲೈ 1. ಆ ಪಡೆಯವರು ಹೇಳುತ್ತ ಬಂದ ಲೆಕ್ಕವೂ 14 ಎಂದೇ.

ಅಂದಿನ ರಣರಂಗದಲ್ಲಿ ಧ್ವಜ ಬರಿಯ ಗೌರವದ ಗುರುತಾಗಿರಲಿಲ್ಲ. ಮದ್ದಿನ ಹೊಗೆಯಲ್ಲಿ ಕಣ್ಣು ಕಾಣದು, ಸದ್ದಿನಲ್ಲಿ ಅಪ್ಪಣೆ ಕೇಳದು. ಸಾಲು ಎತ್ತ ಸಾಗಬೇಕೆಂದು ಸೈನಿಕರಿಗೆ ತಿಳಿಯುತ್ತಿದ್ದುದು ಧ್ವಜದಿಂದ. ಅದು ನೆಲಕ್ಕುರುಳಿದರೆ ದಳವೇ ಚದುರುವ ಭಯ. ಎದುರಾಳಿ ಗುರಿಯಿಡುತ್ತಿದ್ದುದೂ ಅದಕ್ಕೇ.

ವಿಲ್ಲೋಬಿ ಹಳ್ಳ ದಾಟಿ ಮರಗಳ ನಡುವಿನ ಏರು ಹತ್ತಿದಾಗ ಎದುರಿಗೆ ಸಿಕ್ಕಿದ್ದು ಉತ್ತರದವರ 24ನೇ ಮಿಶಿಗನ್ ರೆಜಿಮೆಂಟು. ಒಬ್ಬೊಬ್ಬರೇ ಬಿದ್ದಂತೆ ಧ್ವಜ ಕೈಯಿಂದ ಕೈಗೆ ದಾಟಿ ದಳದ ಮುಖ್ಯಸ್ಥ ಕರ್ನಲ್ ಹೆನ್ರಿ ಬರ್ಗ್ವಿನ್ ಬಳಿ ಬಂತು. ಆತನಿಗೆ ಆಗ 21 ವರ್ಷ. ಫ್ರಾಂಕ್ ಹನಿಕಟ್ ಎಂಬ ಸೈನಿಕನಿಗೆ ಅದನ್ನು ಒಪ್ಪಿಸುವ ಹೊತ್ತಿಗೆ ಬರ್ಗ್ವಿನ್‌ನ ಪಕ್ಕೆಗೆ ಗುಂಡು ಹೊಕ್ಕು ಆತ ಸತ್ತ. ಹನಿಕಟ್ ಕೂಡ ಬಿದ್ದ. ಆಮೇಲೆ ಎತ್ತಿಕೊಂಡ ಲೆಫ್ಟಿನೆಂಟ್ ಕರ್ನಲ್ ಜಾನ್ ಲೇನ್‌ನ ಕತ್ತಿನ ಹಿಂಬದಿಗೆ ತಾಗಿದ ಗುಂಡು ಬಾಯಿಂದ ಹೊರಬಂತು. ಆತ ಬದುಕಿಕೊಂಡ. 40 ವರ್ಷಗಳ ನಂತರ ಅದೇ ಊರಿನಲ್ಲಿ, ತನಗೆ ಗುಂಡಿಟ್ಟ ಮಿಶಿಗನ್ ಸೈನಿಕನನ್ನು ಭೇಟಿಯಾದ.

ಸುಮಾರು 800 ಜನರಿದ್ದ ದಳದಲ್ಲಿ ಅಂದು ಸತ್ತವರು, ಗಾಯಗೊಂಡವರು 500ಕ್ಕೂ ಹೆಚ್ಚು. ಅಷ್ಟಾದ ಮೇಲೂ ಜುಲೈ 3ರಂದು ಉಳಿದವರನ್ನು ಮರೆಯಿಲ್ಲದ ಬಯಲಿನಲ್ಲಿ ಫಿರಂಗಿಗಳಿಗೆದುರಾಗಿ ನಡೆಸಿದರು. ಆ ನಿರ್ಧಾರವನ್ನು ಓದುವಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಇವರ ಧೈರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇವರು ಕಾದಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹುಟ್ಟಿದ ಸರ್ಕಾರಕ್ಕಾಗಿ. ದಳದಲ್ಲಿ ಗುಡ್ಡಗಾಡಿನ ಬಡ ರೈತರೂ ಇದ್ದರು. 1862ರ ಕಡ್ಡಾಯ ಸೇವೆಯ ಕಾಯಿದೆ ಒಂದು ವರ್ಷಕ್ಕೆಂದು ಸೇರಿದವರನ್ನೂ ಹಿಡಿದಿಟ್ಟುಕೊಂಡಿತು. ಅದೇ ವರ್ಷ, 20 ಗುಲಾಮರಿದ್ದ ತೋಟಕ್ಕೆ ಒಬ್ಬ ಬಿಳಿಯ ಮೇಲ್ವಿಚಾರಕನಂತೆ ಸೇವೆಯಿಂದ ವಿನಾಯಿತಿಯೂ ಸಿಕ್ಕಿತು.

ಧ್ವಜ ಹಿಡಿದವರ ಪಟ್ಟಿಯಲ್ಲಿ ಬಾರದ ಒಬ್ಬನ ಹೆಸರನ್ನು ಹೇಳಲೇಬೇಕು: ಕಿನ್ಸಿಯನ್. ಬರ್ಗ್ವಿನ್ ಮನೆತನದ ಗುಲಾಮ. ಯಜಮಾನನ ಚಾಕರಿಗೆಂದು ಯುದ್ಧಭೂಮಿಯವರೆಗೆ ಬಂದವನು. ಬರ್ಗ್ವಿನ್‌ನ ಶವವನ್ನು ಊರಿಗೆ ಒಯ್ಯುತ್ತೇನೆಂದು ಆತ ಬೇಡಿದ. ಸುಡುಬೇಸಗೆ, ಆಗಲಿಲ್ಲ. ಕರ್ನಲ್‌ನನ್ನು ಬಂದೂಕಿನ ಪೆಟ್ಟಿಗೆಯಲ್ಲಿಟ್ಟು ಅಲ್ಲೇ ಹೂತರು. ನಾರ್ತ್ ಕೆರೊಲಿನಾದ ರಾಲಿಯ ಸ್ಮಶಾನಕ್ಕೆ ತಂದದ್ದು 1867ರಲ್ಲಿ. ಸತ್ತವನ ಕುದುರೆಗಳನ್ನೂ ಸಾಮಾನುಗಳನ್ನೂ ಮನೆಗೆ ಮುಟ್ಟಿಸುವ ಹೊಣೆ ಕಿನ್ಸಿಯನ್ ಪಾಲಿಗೆ ಬಂತು.