ಶಾಲು-ಹಾರಕ್ಕಿಂತ ಮೈದಾನವೇ ಮೇಲು

28 ವರ್ಷ ಖೋ-ಖೋ ಕಲಿಸಿದ ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆ, ಶಾಲು-ಹಾರ ಬಿಟ್ಟು ಬೇರೇನು ಮಾಡಬಹುದು ಎಂದು ಕೇಳಿದ್ದೀರಿ. ಶಾಲು, ಮೈಸೂರು ಪೇಟ, ಫಲತಾಂಬೂಲ ಇರಲಿ, ಬಿಡಬೇಡಿ. ಮನೆಯವರಿಗೆ ಆ ಫೋಟೋ ಬೇಕಾಗುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಇವನ್ನೆಲ್ಲ ಕೊಳ್ಳುವುದು ಅರ್ಧ ದಿನದ ಕೆಲಸ.

ಆದರೆ ಅವರನ್ನು ಸಭಾಂಗಣದ ಕುರ್ಚಿಯಲ್ಲಿ ಮೂರು ಗಂಟೆ ಕೂರಿಸಬೇಡಿ. ಮೈದಾನಕ್ಕೆ ಕರೆದುಕೊಂಡು ಹೋಗಿ. ಹಳೆಯ ವಿದ್ಯಾರ್ಥಿಗಳು ಒಂದು ಕಡೆ, ಈಗಿನವರು ಇನ್ನೊಂದು ಕಡೆ. ಅಟ್ಟುವ ತಂಡದಲ್ಲಿ ಒಬ್ಬರು ಓಡುತ್ತಾರೆ, 8 ಜನ ಸಾಲಾಗಿ ಕೂರುತ್ತಾರೆ. ಎದುರಿನವರು ಮೂವರ ಗುಂಪಾಗಿ ಒಳಗೆ ಬರುತ್ತಾರೆ. ಹಾಗಾಗಿ ಎಷ್ಟೇ ಹಳಬರು ಬಂದರೂ ಸರದಿ ಸಿಗುತ್ತದೆ. ಮೊಣಕಾಲು ನೋವಿನವರು ಸಾಲಲ್ಲಿ ಕೂತು ಒಂದೇ ಒಂದು ಖೋ ಪಡೆದರೂ ಸಾಕು. ಸೀಟಿ ಮಾತ್ರ ಮೇಷ್ಟ್ರ ಕೈಯಲ್ಲೇ ಇರಲಿ.

ನಮ್ಮ ಕೋಚ್ ಬೀಳ್ಕೊಡುಗೆಯಲ್ಲಿ ಎಲ್ಲ ವರ್ಷದ ತಂಡದ ಫೋಟೋಗಳನ್ನು ಒಂದು ಆಲ್ಬಮ್ ಮಾಡಿ ಕೊಟ್ಟೆವು. ಒಂದೊಂದು ಮುಖಕ್ಕೂ ಬೆರಳಿಟ್ಟು ಹೆಸರು ಹೇಳಿದರು, ಒಂದೂ ತಪ್ಪಲಿಲ್ಲ. ನಾನು ಅತ್ತುಬಿಟ್ಟೆ.

ದುಡ್ಡು ಉಳಿದರೆ ಅವರ ಹೆಸರಲ್ಲಿ ಪ್ರತಿವರ್ಷ ಬಡ ಆಟಗಾರರೊಬ್ಬರಿಗೆ ಶೂ ಕೊಡಿಸಿ. ಈಗಲೇ ಹಳಬರ ವಾಟ್ಸಾಪ್ ಗುಂಪು ಶುರು ಮಾಡಿ, ಫೋಟೋ ಹುಡುಕಲು ಒಂದು ತಿಂಗಳಾದರೂ ಬೇಕು.