ಬಾದಾಮಿಯಲ್ಲಿ ಬಂಡೆ ಹತ್ತುವವರು ಚಳಿಗಾಲಕ್ಕೇ ಯಾಕೆ ಬರುತ್ತಾರೆ? ಸೀಸನ್ ಇನ್ನಷ್ಟು ಎಳೆಯಬಹುದೇ?

ಎಳೆಯಬಹುದು. ಆದರೆ ಬೇಸಿಗೆ ಕಡೆಗಿಂತ ಜೂನ್-ಜುಲೈ ಕಡೆಗೆ ಎಳೆಯುವುದು ಸುಲಭ ಎಂಬುದು ನನ್ನ ಅನಿಸಿಕೆ.

ಎಲ್ಲ ಇರುವುದು ಬೆರಳ ತುದಿಯಲ್ಲಿ. ಮರಳುಗಲ್ಲಿನ ಹಿಡಿತ ಒಣ ಚರ್ಮದ ಘರ್ಷಣೆಯ ಮೇಲೆ ನಿಂತಿದೆ. ಬೆವರಿದರೆ ಕೈ ಜಾರುತ್ತದೆ. ಏಪ್ರಿಲ್ ಬಿಸಿಲಿಗೆ ಕಾದ ಬಂಡೆ ಸಂಜೆಯಾದರೂ ಕಾವು ಬಿಡುತ್ತಲೇ ಇರುತ್ತದೆ, ಥೇಟ್ ರೊಟ್ಟಿ ಹಂಚಿನಂತೆ. ಹಾಗಾಗಿ ಮಾರ್ಚ್ ದಾಟಿದ ಮೇಲೆ ಬರುವವರು ಸಂಜೆ ನಂಬದೆ, ನಸುಕಿನಲ್ಲೇ ಹತ್ತಿ, ಬಿಸಿಲೇರುವ ಮೊದಲು ಇಳಿಯಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಬಂಡೆಗೆ ಬೆಳಗಿನ ನೆರಳು ಸಿಗುತ್ತದೆ.

ಮಳೆಗಾಲ ಎಂದರೆ ಮಲೆನಾಡು ನೆನಪಾಗುತ್ತದೆ, ಆದರೆ ಇದು ಬಾಗಲಕೋಟೆಯ ಬಯಲು. ಇಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್ ಹೊತ್ತಿಗೆ. ಜುಲೈನಲ್ಲಿ ಮೋಡ, ಗಾಳಿ, ನಡುನಡುವೆ ಒಣ ದಿನಗಳು. ಏಪ್ರಿಲ್‌ಗಿಂತ ಎಷ್ಟೋ ತಂಪು.

ಒಂದೇ ಷರತ್ತು: ಮಳೆ ಬಿದ್ದ ಮೇಲೆ ಒಂದೆರಡು ದಿನ ಕಾಯಬೇಕು. ಕಣಗಳ ಸಂದಿಗೆ ನೀರಿಳಿದ ಮರಳುಗಲ್ಲಿನ ಬಲ ಕುಗ್ಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ, ಹಿಡಿದ ಅಂಚೇ ಮುರಿದು ಕೈಗೆ ಬರಬಹುದು.

ಹೆಜ್ಜೇನು ಗೂಡಿರುವ ಬಂಡೆಗೆ ಮಾತ್ರ ಯಾವ ಕಾಲದಲ್ಲೂ ಹೋಗಬೇಡಿ.