ಯೋಗ್ಯತೆಯಿಲ್ಲ ಎಂದುಕೊಂಡವರಿಗೂ ದೇವರ ಕೃಪೆ ಉಂಟೇ?

ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿಗೆ ಹೋದರೂ, ಪರಮಪ್ರಸಾದಕ್ಕೆ (ಯೇಸುವಿನ ದೇಹವೆಂದು ನಂಬಿ ಸ್ವೀಕರಿಸುವ ರೊಟ್ಟಿಗೆ) ಯೋಗ್ಯನಲ್ಲವೆಂದು ಹಿಂದಿನ ಬೆಂಚಿನಲ್ಲೇ ಉಳಿಯುವ ತಮ್ಮಂಥವರಿಗೆ ಕೃಪೆ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಕ್ರೈಸ್ತ ಬೋಧನೆಯಲ್ಲಿ ಕೃಪೆ ದುಡಿಮೆಗೆ ಸಿಗುವ ಕೂಲಿಯಲ್ಲ, ಕೊಡುವವನ ಪ್ರೀತಿಯಿಂದಲೇ ಬರುವ ವರ. ಆಗುಂಬೆಯ ಮಳೆ ತೋಟ ಯಾರದೆಂದು ವಿಚಾರಿಸಿ ಸುರಿಯುವುದಿಲ್ಲವಷ್ಟೆ. ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಮುನ್ನ ಗುರುಗಳೂ ಸೇರಿ ಎಲ್ಲರೂ ತಾವು ಯೋಗ್ಯರಲ್ಲವೆಂದೇ ಹೇಳುತ್ತಾರೆ. ಆ ಮಾತು, ಕಾಯಿಲೆ ಬಿದ್ದ ಸೇವಕನಿಗಾಗಿ ಯೇಸುವನ್ನು ಬೇಡಿಕೊಂಡ ಶತಾಧಿಪತಿಯದು, ಅಂದರೆ ರೋಮನ್ ಸೇನಾಧಿಕಾರಿಯದು (ಬೈಬಲ್, ಮತ್ತಾಯ 8:8), ಮತ್ತು ಯೇಸು ಅವನನ್ನು ದೂರವಿಡದೆ, ಅವನ ನಂಬಿಕೆಯನ್ನು ಮೆಚ್ಚಿ ಸೇವಕನನ್ನು ಗುಣಪಡಿಸಿದರು. ಗಂಭೀರ ಪಾಪದ ಅರಿವಿರುವ ಕಥೋಲಿಕರು ಪರಮಪ್ರಸಾದ ಸ್ವೀಕರಿಸುವ ಮೊದಲು ಪಾಪನಿವೇದನೆ (ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಪಡೆಯುವುದು) ಮಾಡಬೇಕೆಂಬುದು ನಿಜ. ಆದರೆ ಅದು ಯೋಗ್ಯತೆಯ ಪರೀಕ್ಷೆಯಲ್ಲ, ಅದೇ ಕೃಪೆಯನ್ನು ಪಡೆಯುವ ಇನ್ನೊಂದು ಬಾಗಿಲು.